ತೊಟ್ಟಿಲಲ್ಲಿಟ್ಟ ಫೋನು

ಈ ಸಲ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚಿಸುವಾಗ ಅಟ್ಟದಿಂದ ಇಳಿಸಿದ ಸಾಮಾನಿನಲ್ಲಿ ಆ ಪೆಟ್ಟಿಗೆ ಮತ್ತೆ ಕೈಗೆ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣ, ಒಂದು ಮೂಲೆಯಲ್ಲಿ ಇಲಿಯ ಬಾಲದಂಥ ಆಂಟೆನಾ, ಬೆನ್ನಿಗೆ ಸಾಲಾಗಿ ತೂತುಗಳು. ಮೇಲೆ ಅವ್ವ ಕ್ರೋಶಾದಲ್ಲಿ ಹೆಣೆದ ಹೊದಿಕೆ, ಬಿಳಿದು ಹಳದಿಯಾಗಿದೆ. ಯಾವುದೋ ದಸರೆಯ ಖಂಡೆಪೂಜೆಯಲ್ಲಿ ಬಳಿದ ವಿಭೂತಿಯ ಗುರುತು ಇನ್ನೂ ಇದೆ. ನನ್ನ ಹೆಂಡತಿ ಸವಿತಾ ಅದನ್ನು ಗುಜರಿಯವನಿಗೆ ಕೊಡುವ ರಾಶಿಯಲ್ಲಿಟ್ಟಳು. ನಾನು ಎತ್ತಿ ಈ ಕಡೆ ಇಟ್ಟೆ. ಅವಳು ಮತ್ತೆ ಆ ಕಡೆ ಇಟ್ಟಳು. ಹೀಗೇ ಒಂದಿಷ್ಟು ನಡೆದ ಮೇಲೆ ಇಬ್ಬರೂ ಸುಮ್ಮನಾದೆವು.

ಅದು ರೂಟರು. ಇಂಟರ್‌ನೆಟ್ಟಿನ ಮೇಲೆ ಫೋನು ಮಾತಾಡಲು ತಂದದ್ದು. ಈಗ ಎಲ್ಲರ ಕಿಸೆಯಲ್ಲೂ ಮುಖ ನೋಡಿ ಮಾತಾಡುವ ಫೋನು ಬಂದಿರುವಾಗ ಇಂಥ ಪೆಟ್ಟಿಗೆಯ ಸುದ್ದಿ ತೆಗೆದರೆ ನೀವು ನಗಬಹುದು. ನಗ್ರಿ. ನಾನೂ ಅದನ್ನು ತಂದ ದಿನ ನಗುತ್ತಲೇ ತಂದಿದ್ದೆ. ಈಗ ಅದನ್ನು ನೋಡಿದರೆ ನನಗೆ ಅನ್ನ ಇಳಿಯುವುದಿಲ್ಲ.

ಬೈಲಹೊಂಗಲದ ಬಜಾರದಲ್ಲಿ ನಮ್ಮದು ಅರಿವೆ ಅಂಗಡಿ. ನಾನು ಸಣ್ಣವನಿದ್ದಾಗ ಫೋನು ಇದ್ದದ್ದು ಎದುರಿನ ಹತ್ತಿ ದಲಾಲರ ಅಂಗಡಿಯಲ್ಲಿ. ಕಪ್ಪಗೆ, ಭಾರಕ್ಕೆ, ಗಾದಿಯ ಮೇಲೆ ದಲಾಲರ ಪಕ್ಕದಲ್ಲೇ ಕುಳಿತಿರುತ್ತಿತ್ತು. ನಮಗೇನಾದರೂ ಟ್ರಂಕ್ ಕಾಲ್ ಬಂದರೆ ಅವರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪ ರಸ್ತೆ ದಾಟಿ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಎರಡೂ ಕೈಯಿಂದ ರಿಸೀವರ್ ಹಿಡಿಯುತ್ತಿದ್ದ. ಮಾತಾಡಿದ್ದು ಸೂರತ್ತಿನ ವ್ಯಾಪಾರಿಗೆ ಮಾತ್ರವಲ್ಲ, ಇಡೀ ಬಜಾರಕ್ಕೆ ಕೇಳುತ್ತಿತ್ತು. ಮುಂದೆ ಎಸ್‌ಟಿಡಿ ಬೂತುಗಳು ಬಂದವು. ಗಾಜಿನ ಗೂಡಿನೊಳಗೆ ಬೆವರುತ್ತ, ಕೆಂಪು ಅಂಕಿ ಓಡುವುದನ್ನು ನೋಡುತ್ತ, ಹೇಳಬೇಕಾದ್ದನ್ನು ಮರೆತು ಬರುವುದು ನನ್ನ ಅಭ್ಯಾಸ. ಮಾತು ಮುಗಿಸಿ ಹೊರಗೆ ಬಂದ ಮೇಲೇ ನನಗೆ ಎಲ್ಲ ನೆನಪಾಗುತ್ತಿತ್ತು.

ಫೋನಿನ ಮಾತು ಬಂದರೆ ನನ್ನ ಅಕ್ಕ ಸುನಂದಾಳ ಮಾತು ಬರಲೇಬೇಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಆಡುತ್ತಿದ್ದೆವು. ಕತ್ತರಿಸಿ ಉಳಿದ ಅರಿವೆಯ ಚೂರುಗಳಲ್ಲಿ ಅಕ್ಕ ಗೊಂಬೆ ಕಟ್ಟುತ್ತಿದ್ದಳು, ಮೊರಕ್ಕೆ ಹಗ್ಗ ಬಿಗಿದು ತೊಟ್ಟಿಲು ಮಾಡುತ್ತಿದ್ದಳು. ಆಮೇಲೆ ಹೆಸರಿಡುವ ಆಟ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ತೊಟ್ಟಿಲಿಗೆ ಹಾಕಿದ ಕೂಸಿಗೆ ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ, ಬಗ್ಗಿ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳಬೇಕು. ಅವಳು ಹೇಳುತ್ತಿದ್ದ ಹಾಗೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ನಮ್ಮ ಮನೆಯಲ್ಲಂತೂ ಹೆಸರು ಆರಿಸುವವಳೂ ಅವಳೇ, ಅಲ್ಲಿಯವರೆಗೆ ಅದನ್ನು ಯಾರಿಗೂ ಹೇಳಬಾರದು. ಆಟದಲ್ಲಿ ಅಕ್ಕ ‘ಕುರ್‍ರ್’ ಅನ್ನುತ್ತಿದ್ದಳು, ಗುದ್ದುವ ಕೆಲಸ ನನ್ನದು. ನಾನು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಅದೊಂದೇ ಎಂದು ಅವ್ವ ಬೈಯುತ್ತಿದ್ದಳು.

ಒಮ್ಮೆ ಅಕ್ಕ ಬೆನ್ನು ನೀವಿಕೊಳ್ಳುತ್ತ, ಮುಂದೆ ನಿನಗೆ ಮಗಳು ಹುಟ್ಟಿದರೆ ನಾನೇ ಹೆಸರಿಡುವವಳು, ಹೆಸರು ಈಗಲೇ ಆರಿಸಿಟ್ಟಿದ್ದೇನೆ ಅಂದಳು. ಯಾವುದು ಹೇಳು ಎಂದು ನಾನು ಗಂಟುಬಿದ್ದೆ.

“ಈಗ ಹೇಳಬಾರದೋ. ಹೇಳಿದ್ರ ಹಳೇದಾಗತೈತಿ,” ಅಂದಳು ಅಕ್ಕ.

ಅಕ್ಕ ಬೆಳಗಾವಿಯಲ್ಲಿ ನರ್ಸಿಂಗ್ ಓದಿದಳು, ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದಳು, ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಹೋದರು. ಮಕ್ಕಳಾಗಲಿಲ್ಲ. ಅಲ್ಲಿ ತಪಾಸಣೆ, ಇಲ್ಲಿ ಅವ್ವ ಮುರಗೋಡದ ಮಠಕ್ಕೆ ಹೊತ್ತ ಹರಕೆ, ಏನೂ ಫಲಿಸಲಿಲ್ಲ. ಮೊದಮೊದಲು ಊರಿಗೆ ಬಂದಾಗ ಹೆಂಗಸರು ಅವಳನ್ನು ಏನಾದರೂ ವಿಶೇಷ ಐತೇನ ಎಂದು ಕೇಳುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಕೇಳುವುದನ್ನು ಬಿಟ್ಟರು. ಕೇಳುವುದಕ್ಕಿಂತ ಅದು ಕೆಟ್ಟದ್ದಾಗಿತ್ತು.

ನಮಗೆ ಹೆಣ್ಣು ಮಗು ಹುಟ್ಟಿತು ಎಂದಾಗ ಅಕ್ಕ ಫೋನಿನಲ್ಲಿ ಕೂಸಿನ ತೂಕ ಕೇಳಿದಳು, ಅಳು ಜೋರಿದೆಯೇ ಎಂದು ಕೇಳಿದಳು. ಆಮೇಲೆ, ತೊಟ್ಟಿಲಿಗೆ ಹಾಕುವ ಹೊತ್ತಿಗೆ ಬಂದೇ ಬರುತ್ತೇನೆ ಅಂದಳು. ಆದರೆ ರಜೆ ಸಿಗಲಿಲ್ಲ. ಅವಳ ವಾರ್ಡಿನಲ್ಲಿ ಕೆಲಸಕ್ಕೆ ಜನ ಕಡಿಮೆಯಂತೆ, ಕೇಳಿ ಕೇಳಿ ಸಾಕಾಯಿತಂತೆ. ಅಳುತ್ತಲೇ ಹೇಳಿದಳು. ನಾನು ಏನೇನೋ ಸಮಾಧಾನ ಹೇಳಿದೆ. ಮರುವಾರ ಅವಳೇ ಒಂದು ದಾರಿ ಹುಡುಕಿಕೊಂಡು ಬಂದಳು. ಇಂಟರ್‌ನೆಟ್ಟಿನ ಮೇಲೆ ಫೋನು ನಡೆಯುತ್ತದಂತೆ, ಎರಡೂ ಕಡೆ ಅಂಥ ಪೆಟ್ಟಿಗೆ ಇದ್ದರೆ ಎಷ್ಟು ಹೊತ್ತಾದರೂ ಮಾತಾಡಬಹುದಂತೆ. ಹಾಡು, ಆರತಿ ಎಲ್ಲ ಮೊದಲಿನಿಂದ ಕೊನೆಯವರೆಗೆ ಕೇಳಬಹುದು. ಕೊನೆಗೆ ಅವಳು ಹೆಸರು ಹೇಳಬಹುದು.

“ಹೆಸರ ಕಿವಿಯೊಳಗ ಹೇಳೂದಲ್ಲೇನ ತಮ್ಮಾ. ಫೋನೂ ಕಿವಿಗೇ ಹಿಡೀತಾರಲ್ಲ,” ಅಂದಳು.

ಆಗ ಬ್ರಾಡ್‌ಬ್ಯಾಂಡ್ ನಮ್ಮ ಊರಿಗೆ ಬಂದ ಹೊಸತು. ಅದರ ತಂತಿ ಮನೆಗೆ ಎಳೆಸಿದ್ದಾಯಿತು, ಪೆಟ್ಟಿಗೆ ತರಲು ಬೆಳಗಾವಿಗೆ ಹೋದೆ. ಅಂಗಡಿಯವರು ಮುಂದೆ ಹಲವು ರೂಟರುಗಳನ್ನು ಹರವಿದರು. ನಾನು ಏನು ನೋಡಬೇಕು ಹೇಳಿ? ಅರಿವೆಯಾದರೆ ನನಗೆ ಕಣ್ಣು ಮುಚ್ಚಿ ಗೊತ್ತಾಗುತ್ತದೆ. ಒಂದೊಂದನ್ನೂ ಎತ್ತಿ ತೂಕ ನೋಡಿದೆ, ಹೆಬ್ಬೆರಳಿನಿಂದ ಉಜ್ಜಿ ನೋಡಿದೆ, ತಿರುವಿ ಹಾಕಿ ಒಳಮೈ ಹುಡುಕಿದೆ. ಬಣ್ಣ ಬಿಡುವುದಿಲ್ಲ ತಾನೇ ಎಂದು ಕೇಳುವುದೊಂದು ಬಾಕಿ. ಅಂಗಡಿಯವರು ನನ್ನ ಅವಸ್ಥೆ ನೋಡಿ, ಬರೀ ಇಂಟರ್‌ನೆಟ್ಟಿಗಾದರೆ ಯಾವುದಾದರೂ ನಡೆಯುತ್ತದೆ, ಫೋನು ಮಾತಾಡಬೇಕೆಂದರೆ ಬೆನ್ನಿಗೆ ಫೋನಿನ ವೈರು ಸಿಕ್ಕಿಸುವ ತೂತು ಇರುವುದೇ ಬೇಕು ಎಂದು ವಿವರಿಸಿದರು. ಅಂಥವು ಎರಡಿದ್ದವು. ಒಂದು ಹಗುರ, ಒಂದು ಭಾರ. ಹಗುರಾದದ್ದು ಮಾತಿಗೆ ಒಳ್ಳೆಯದು ಎಂದು ಅವರು ಹೇಳುತ್ತಲೇ ಇದ್ದರು. ನಾನು ಭಾರವಾದದ್ದನ್ನೇ ತಂದೆ. ಹಗುರ ಅರಿವೆ ಬಾಳುವುದಿಲ್ಲ ಎಂಬುದು ಅಪ್ಪ ಕಲಿಸಿದ ವಿದ್ಯೆ.

ಮನೆಯ ಫೋನನ್ನು ಗೋಡೆಯಿಂದ ಬಿಚ್ಚಿ ಪೆಟ್ಟಿಗೆಗೆ ಸಿಕ್ಕಿಸಿದ್ದಾಯಿತು. ಪ್ರತಿ ಭಾನುವಾರ ಸಂಜೆ ಅಕ್ಕನ ಜೊತೆ ತಾಲೀಮು. ಮೊದಲು ಅವ್ವನಿಗೆ ತನ್ನ ದನಿಯೇ ತಿರುಗಿ ಕೇಳಿಸಿ ಗಾಬರಿಯಾಯಿತು. ಮಾತು ಹೋಗಿ ಮುಟ್ಟುವುದಕ್ಕೆ ಸ್ವಲ್ಪ ತಡ. ಹಾಗಾಗಿ ಇಬ್ಬರೂ ಒಟ್ಟಿಗೇ ಮಾತಾಡುವುದು, ಇಬ್ಬರೂ ಒಟ್ಟಿಗೇ ನಿಲ್ಲಿಸುವುದು. ಅವ್ವ ಪ್ರತಿ ಮಾತಿನ ಕೊನೆಗೆ ‘ಆತು, ಈಗ ನೀ ಮಾತಾಡು’ ಎಂದು ಹೇಳಲು ಕಲಿತಳು. ಪೆಟ್ಟಿಗೆಗೆ ಧೂಳು ಕೂರದಿರಲಿ ಎಂದು ಆ ಕ್ರೋಶಾ ಹೊದಿಕೆ ಹೊದಿಸಿದಳು. ಪೆಟ್ಟಿಗೆ ಬಿಸಿಯಾಗಿ ಮಾತು ತುಂಡುತುಂಡಾಗುತ್ತಿತ್ತು, ನಾನು ಹೊದಿಕೆ ತೆಗೆಯುತ್ತಿದ್ದೆ, ಅವಳು ಮತ್ತೆ ಹೊದಿಸುತ್ತಿದ್ದಳು. ಒಮ್ಮೊಮ್ಮೆ ದನಿ ಪೂರ್ತಿ ನಿಂತೇ ಹೋಗುತ್ತಿತ್ತು. ಅದಕ್ಕೆ ನನಗೆ ಗೊತ್ತಿದ್ದ ಔಷಧ ಒಂದೇ: ಪೆಟ್ಟಿಗೆ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಚಾಲೂ ಮಾಡುವುದು. ದೀಪಗಳು ಒಂದೊಂದೇ ಹಸಿರಾಗುವವರೆಗೆ ನಾನು ಉಸಿರು ಹಿಡಿದು ಕೂರುತ್ತಿದ್ದೆ.

ಸವಿತಾಳ ತವರು ರಾಮದುರ್ಗ. ಬಾಣಂತನ ಅಲ್ಲಿ, ತೊಟ್ಟಿಲಿನ ಕಾರ್ಯವೂ ಅಲ್ಲೇ ಆಗಬೇಕಾದದ್ದು. ಪೆಟ್ಟಿಗೆ ಇಲ್ಲಿದೆ ಎಂಬ ಒಂದೇ ಕಾರಣಕ್ಕೆ ನಾನು ಹಟ ಹಿಡಿದು ಬಾಣಂತಿ, ಕೂಸು, ಬೀಗರು ಎಲ್ಲರನ್ನೂ ಸವದತ್ತಿ ಮೇಲಿನಿಂದ ಜೀಪಿನಲ್ಲಿ ಬೈಲಹೊಂಗಲಕ್ಕೆ ಕರೆಸಿಕೊಂಡೆ. ಫೋನಿನ ಸಲುವಾಗಿ ಬಾಣಂತಿಯನ್ನು ಎಬ್ಬಿಸಿ ತಂದವನು ಎಂದು ನಮ್ಮ ಮಾವನವರು ಇವತ್ತಿಗೂ ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ.

ಆ ದಿನ ಮುಂಜಾನೆ ಎಲ್ಲ ಸರಿಯಾಗಿಯೇ ಇತ್ತು. ಕರೆಂಟು ಹೋದರೆ ಇರಲಿ ಎಂದು ಬಜಾರದ ಟೈಪಿಂಗ್ ಸೆಂಟರಿನಿಂದ ಕಂಪ್ಯೂಟರಿನ ಬ್ಯಾಟರಿ ತಂದಿಟ್ಟಿದ್ದೆ. ಉದ್ದನೆಯ ವೈರು ಹಾಕಿ ರಿಸೀವರನ್ನು ತೊಟ್ಟಿಲವರೆಗೆ ಎಳೆದು, ಕುಪ್ಪಸದ ಹೊಸ ಹಸಿರು ಖಣದಲ್ಲಿ ಸುತ್ತಿ, ಕೂಸಿನ ಕಿವಿಯ ಬಳಿ ಬರುವ ಹಾಗೆ ತೊಟ್ಟಿಲ ಬದಿಗೆ ಕಟ್ಟಿದೆ. ಅಕ್ಕನಿಗೆ ಅಲ್ಲಿ ಇನ್ನೂ ನಸುಕು. ಅವಳೂ ಮಿಂದು, ಇಳಕಲ್ ಸೀರೆ ಉಟ್ಟು, ಫೋನಿನ ಮುಂದೆ ಕುಳಿತಿದ್ದಾಳಂತೆ. ಕೂಸನ್ನು ಸುಮ್ಮನೆ ಒಮ್ಮೆ ಮಲಗಿಸಿ ನೋಡಿದೆವು.

“ತಮ್ಮಾ, ಕೂಸಿನ ಉಸಿರ ಕೇಳಾಕತ್ತೈತಿ,” ಅಂದಳು ಅಕ್ಕ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಹೆಂಗಸರು ಸೇರಿದರು. ಗುಗ್ಗರಿ ಬೆಂದ ವಾಸನೆ ಮನೆ ತುಂಬಾ. ನಮ್ಮ ದೊಡ್ಡಪ್ಪನ ಮಗಳು ನೀಲಕ್ಕ ಮುನವಳ್ಳಿಯಿಂದ ತನ್ನ ಮಕ್ಕಳನ್ನೆಲ್ಲ ಕರೆದುಕೊಂಡು ಬಂದಿದ್ದಳು. ಅಕ್ಕ ಇಲ್ಲಿಲ್ಲವಲ್ಲ, ಹಾಗಾದರೆ ಗುದ್ದುವುದು ಯಾರ ಬೆನ್ನಿಗೆ ಎಂಬ ಚರ್ಚೆ ನಡೆದು, ತಮ್ಮನ ಬೆನ್ನಿಗೇ ಎಂದು ತೀರ್ಮಾನವಾಯಿತು. ಹಳೆಯ ಸಾಲ ತೀರಿಸುವ ಕಾಲ ಬಂತು ಎಂದು ನನಗೂ ಹಿಗ್ಗೇ. ಜೋಗುಳ ನಡೆದಿರುವಾಗ ಒಮ್ಮೆ ಲೈನು ಕಡಿಯಿತು. ನಾನು ಮತ್ತೆ ಹಚ್ಚಿದೆ. ಆ ಕಡೆ ಗಂಟೆ ಬಾರಿಸಿತು, ನಿಂತಿತು. ಎತ್ತಿಕೊಂಡಳು ಎಂದುಕೊಂಡು ರಿಸೀವರನ್ನು ಮತ್ತೆ ಖಣದಲ್ಲಿ ಸಿಕ್ಕಿಸಿದೆ. ಆರತಿಯಾಯಿತು. ಕೂಸನ್ನು ತೊಟ್ಟಿಲಿಗೆ ಹಾಕಿದರು. ಎಲ್ಲರೂ ಸುಮ್ಮನಾದರು. ನಾನು ಬಗ್ಗಿ, ಹೇಳಕ್ಕಾ ಅಂದೆ.

ದನಿ ಬರಲಿಲ್ಲ. ನನ್ನ ಬೆನ್ನ ಮೇಲೆ ಎತ್ತಿದ ಮುಷ್ಟಿಗಳು ಎತ್ತಿದಂತೆಯೇ ಇದ್ದವು. ಮತ್ತೆ ಕೂಗಿದೆ. ರಿಸೀವರ್ ನನ್ನ ಕಿವಿಗೆ ಹಿಡಿದು ನೋಡಿದೆ. ಏನೂ ಇಲ್ಲ, ಸುಂಯ್ ಎನ್ನುವ ಸಪ್ಪಳವೂ ಇಲ್ಲ. ಓಡಿಹೋಗಿ ಪೆಟ್ಟಿಗೆ ನೋಡಿದರೆ ದೀಪಗಳೆಲ್ಲ ಹಸಿರು. ಬಂದ್ ಮಾಡಿ ಚಾಲೂ ಮಾಡೋಣ ಎಂದು ಗುಂಡಿಗೆ ಕೈ ಹಾಕಿದೆ. ಹಿಂದೆಯೇ ಬಂದ ಅವ್ವ ನನ್ನ ಕೈ ಹಿಡಿದಳು.

“ಅದನ್ನೇನ ಮುಟ್ಟಬ್ಯಾಡ. ಘಳಿಗಿ ಮೀರಾಕತ್ತೈತಿ. ನೀಲವ್ವ ಹೇಳ್ತಾಳ.”

ಘಳಿಗೆಯ ಮುಂದೆ ನನ್ನದೇನು ನಡೆಯುತ್ತದೆ? ಬಂದ ಬೀಗರು ಗೋಡೆ ಗಡಿಯಾರ ನೋಡುತ್ತಿದ್ದರು. ನಾನು ರಿಸೀವರನ್ನು ಮತ್ತೆ ಅಲ್ಲೇ ಸಿಕ್ಕಿಸಿ ಸರಿದು ನಿಂತೆ, ಇನ್ನೇನು ದನಿ ಬಂದೀತು ಎಂಬ ಆಸೆಯಿಂದ. ನೀಲಕ್ಕ ಪಾಪ, ಹಿಂದೆ ಮುಂದೆ ನೋಡಿದಳು. ಆಮೇಲೆ ಬಗ್ಗಿ ‘ಕುರ್‍ರ್’ ಅಂದಳು. ಆ ಹೊತ್ತಿಗೆ ಬಾಯಿಗೆ ಬಂದ ಹೆಸರು ವಿದ್ಯಾ. ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಮನೆಯಲ್ಲಿ ಗದ್ದಲವೋ ಗದ್ದಲ. ಅವ್ವ ಕೂಸಿನ ತಲೆಯ ಕುಲಾಯಿ ಸರಿಮಾಡುವ ನೆಪದಿಂದ ತೊಟ್ಟಿಲಿಗೆ ಬಗ್ಗಿ, ನೀಲಕ್ಕನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಒಂದು ಮಾತು ಹೇಳಿದಳು. ಪಕ್ಕದಲ್ಲೇ ವೈರು ಹಿಡಿದು ನಿಂತ ನನಗೂ ಅದು ಕೇಳಿತು.

“ಹಿಂಗಾದದ್ದ ಚಲೋ ಆತು ಬಿಡು. ಮಕ್ಕಳಿದ್ದಾಕಿ ಹೇಳಬೇಕು. ಕೂಸಿಗೆ ಒಳ್ಳೇದು.”

ಮುರಗೋಡದ ಮಠಕ್ಕೆ ಅಕ್ಕನ ಸಲುವಾಗಿ ಬರಿಗಾಲಲ್ಲಿ ನಡೆದ ಅವ್ವ ಇವಳೇ. ಭಾನುವಾರ ಬಂದರೆ ಮಧ್ಯಾಹ್ನದಿಂದಲೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದವಳು ಇವಳೇ. ಮಗಳ ಮೇಲಿನ ಮಾಯೆ ಮಮತೆ ಎಷ್ಟು ನಿಜವೋ ಈ ಅಂಜಿಕೆಯೂ ಅಷ್ಟೇ ನಿಜವಾಗಿತ್ತು, ಎರಡೂ ಒಂದೇ ಎದೆಯಲ್ಲಿದ್ದವು. ನನಗೆ ಆ ಹೊತ್ತಿಗೆ ಅವ್ವನ ಮೇಲೆ ಸಿಟ್ಟು ಬಂತು, ಬಂದ ಸಿಟ್ಟನ್ನು ಏನು ಮಾಡಬೇಕು ತಿಳಿಯದೆ ಪಂಕ್ತಿಗೆ ಎಲೆ ಹಾಸಲು ಹೋದೆ. ಒಂದೇ ಸಮಾಧಾನ, ಲೈನು ಸತ್ತಿತ್ತಲ್ಲ ಎಂಬುದು.

ಎಷ್ಟೋ ಹೊತ್ತಿನ ಮೇಲೆ, ಕೂಸನ್ನು ಎತ್ತುವಾಗ, ಸವಿತಾ ಖಣದಿಂದ ರಿಸೀವರ್ ಬಿಚ್ಚಿ ತಂದು ಫೋನಿನ ಮೇಲಿಟ್ಟಳು. ನಾನು ರೇಷ್ಮೆ ಮಡಿ ಬಿಟ್ಟು ಗೂಟದ ಮೇಲಿನ ಅಂಗಿ ತೊಟ್ಟಾಗ, ಕಿಸೆಯಲ್ಲಿದ್ದ ಮೊಬೈಲಿನಲ್ಲಿ ಅಕ್ಕನ ಮಿಸ್ಡ್ ಕಾಲುಗಳು. ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಿರಲಿಲ್ಲ. ಪೆಟ್ಟಿಗೆಯನ್ನು ನಂಬದೆ, ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಅವಳಿಗೆ ಫೋನು ಹಚ್ಚಿದೆ.

“ನನಗ ಏನೂ ಕೇಳಲಿಲ್ಲ ತಮ್ಮಾ. ಲೈನ್ ಸತ್ತ ಹೋಗಿತ್ತು,” ಅಂದಳು. ನೆಗಡಿಯಾದವರ ದನಿ. “ಏನ ಹೆಸರಿಟ್ರಿ?”

ವಿದ್ಯಾ ಅಂದೆ. ಚಲೋ ಐತಿ ಅಂದಳು. ನೀನು ಯಾವ ಹೆಸರು ಇಟ್ಟುಕೊಂಡಿದ್ದೆ ಎಂದು ಕೇಳಿದೆ. ಇರಲಿ ಬಿಡು, ಮುಂದಿನ ಕೂಸಿಗೆ ಆಯಿತು ಅಂದಳು. ನನಗೆ ಜೀವ ಬಂದಂತಾಯಿತು. ಮನೆಗೆ ಬಂದು ಅಕ್ಕನಿಗೆ ಏನೂ ಕೇಳಲಿಲ್ಲವಂತೆ ಎಂದಾಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಂದೆ ಕೆಲವು ದಿನಗಳ ಮೇಲೆ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಾವಿಯ ಅಂಗಡಿಗೆ ಹೋದೆ, ಜಗಳ ತೆಗೆಯುವ ತಯಾರಿಯಿಂದಲೇ. ಅಂಗಡಿಯವರು ಅದನ್ನು ತಮ್ಮ ಲೈನಿಗೆ ಹಚ್ಚಿ, ಒಳಕೋಣೆಯಿಂದ ತಾವೇ ಮಾತಾಡಿ, ಹೊರಗೆ ಬಂದು ಕೇಳಿ, ಹಾಗೆ ಹೀಗೆ ಮಾಡಿ ನೋಡಿದರು.

“ಇದು ಒಂದ ಕಡೀದ್ದ ತಕರಾರ್ ರೀ. ಆ ಕಡೆ ಅವರ ಮಾತು ನಿಮಗ ಬರೂದಿಲ್ಲ. ನಿಮ್ಮ ಮಾತೆಲ್ಲ ಅವರಿಗೆ ಸ್ವಚ್ಛ ಹೊಕ್ಕೈತಿ,” ಅಂದರು. “ಭಾಳ ಮಂದಿ ಲೈನ್ ಸತ್ತೈತಿ ಅಂತ ತಿಳಕೋತಾರ್ರಿ. ಸತ್ತಿರೂದಿಲ್ಲ.”

ನಾನು ಜಗಳ ತೆಗೆಯಲಿಲ್ಲ. ಅವರು ಒಳಗಿನ ಯಾವುದೋ ಸೆಟ್ಟಿಂಗ್ ಬದಲಿಸಿ, ಇನ್ನು ಮೇಲೆ ಹೀಗಾಗುವುದಿಲ್ಲ ಎಂದು ಕೊಟ್ಟರು. ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತವನಿಗೆ ದಾರಿ ಹೇಗೆ ಸಾಗಿತೋ ಗೊತ್ತಿಲ್ಲ. ಅಕ್ಕ ಇಳಕಲ್ ಸೀರೆ ಉಟ್ಟು, ಕತ್ತಲು ಹರಿಯದ ಊರಲ್ಲಿ, ರಿಸೀವರ್ ಕಿವಿಗೊತ್ತಿಕೊಂಡು ಕುಳಿತಿದ್ದಾಳೆ. ಬಗ್ಗಿ ಹೆಸರು ಹೇಳಿದ್ದಾಳೆ, ಮತ್ತೆ ಮತ್ತೆ ಹೇಳಿದ್ದಾಳೆ. ಯಾರಿಗೂ ಮುಟ್ಟಿಲ್ಲ. ನಾನು ಹೇಳಕ್ಕಾ, ಹೇಳಕ್ಕಾ ಎಂದು ಕೂಗುತ್ತಿದ್ದದ್ದು ಅವಳಿಗೆ ಕೇಳಿದೆ. ನೀಲಕ್ಕನ ‘ಕುರ್‍ರ್’ ಕೇಳಿದೆ, ಗುದ್ದಿದ ಸಪ್ಪಳ ಕೇಳಿದೆ. ಆಮೇಲೆ ಅವ್ವ ಬಗ್ಗಿದ್ದು ಎಲ್ಲಿಗೆ? ರಿಸೀವರಿನ ಮೇಲೆಯೇ. ಆ ಗದ್ದಲದಲ್ಲಿ ಮನೆಯ ಯಾರಿಗೂ ಕೇಳದ ಮಾತು ಅಕ್ಕನಿಗೆ ಎಲ್ಲರಿಗಿಂತ ಹತ್ತಿರದಿಂದ ಕೇಳಿರಬೇಕು. ಪೆಟ್ಟಿಗೆ ಬಂದ್ ಮಾಡಿದ್ದರೆ ಲೈನಾದರೂ ಕಡಿಯುತ್ತಿತ್ತು. ಅದಕ್ಕೂ ಅವ್ವ ಬಿಡಲಿಲ್ಲ.

ಆದರೆ ಮನಸ್ಸು ಎಂಥ ಹುಚ್ಚು ನೋಡಿ. ಬಸ್ಸು ಇಳಿಯುವಷ್ಟರಲ್ಲಿ, ಅಕ್ಕನೇ ಏನೂ ಕೇಳಲಿಲ್ಲ ಅಂದಿದ್ದಾಳಲ್ಲ, ಆ ದಿನ ಆ ಕಡೆಯೂ ಏನೋ ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ನಂಬಿಬಿಟ್ಟೆ. ಅವ್ವನಿಗೆ ಅಂಗಡಿಯವರ ಮಾತು ಹೇಳಲಿಲ್ಲ. ಪೆಟ್ಟಿಗೆಯೇನೋ ರಿಪೇರಿಯಾದ ಮೇಲೆ ಗಡಿಯಾರದಂತೆ ಕೆಲಸ ಮಾಡಿತು. ಅಕ್ಕನ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ಎಲ್ಲರ ಆರೋಗ್ಯ ಕೇಳುತ್ತಿದ್ದಳು, ಮಳೆ ಬೆಳೆ ಕೇಳುತ್ತಿದ್ದಳು. ಕೂಸಿನ ಕಿವಿಗೆ ಸ್ವಲ್ಪ ಹಿಡಿ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ನಾನಾಗಿ ಹಿಡಿದರೆ ಆ ಕಡೆಯಿಂದ ಏನೂ ಬರುತ್ತಿರಲಿಲ್ಲ. ಈಗ ಪೆಟ್ಟಿಗೆಯ ತಪ್ಪು ಎಂದು ಹೇಳುವ ಹಾಗಿರಲಿಲ್ಲ.

ಎರಡನೆಯದೂ ಮಗಳೇ ಹುಟ್ಟಿದಳು. ಆ ಸಲ ಅಕ್ಕನಿಗೆ ರಜೆ ಸಿಕ್ಕಿತು. ಬಂದಳು, ಬಂದವಳೇ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಗುಗ್ಗರಿ ಬೇಯಿಸಿದ್ದು ಅವಳೇ, ತೊಟ್ಟಿಲಿಗೆ ಹೂವು ಕಟ್ಟಿದ್ದೂ ಅವಳೇ. ಅದೇ ಕೋಣೆ, ಅದೇ ತೊಟ್ಟಿಲು. ಪೆಟ್ಟಿಗೆ ಮೂಲೆಯ ಮೇಜಿನ ಮೇಲೆ ಹೊದಿಕೆ ಹೊದ್ದು ಕುಳಿತಿತ್ತು. ಅವ್ವ ಮುಂಜಾನೆಯಿಂದ ಅಕ್ಕನ ಹಿಂದೆ ಹಿಂದೆಯೇ ತಿರುಗುತ್ತಿದ್ದಳು, ಈ ಸಲ ಮಾತ್ರ ನನ್ನ ಮಗಳೇ ಹೆಸರಿಡಬೇಕು ಎಂದು ಬಂದವರಿಗೆಲ್ಲ ಸಾರುತ್ತಿದ್ದಳು. ಅವಳು ಮನಸ್ಸಿನಿಂದಲೇ ಹೇಳುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹಳೆಯ ಅಂಜಿಕೆಯನ್ನು ಎಲ್ಲಿ ಇಳಿಸಿಟ್ಟಳೋ ತಿಳಿಯದು.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರು ಮುಷ್ಟಿ ಬಿಗಿದು ತಯಾರಾಗಿ, ಬಾರವ್ವಾ ಸುನಂದಾ ಎಂದು ಕರೆದರು. ನಾನೂ ಹಿಂದೆ ಸಾಲಿನಲ್ಲಿ ನಿಂತೆ, ಅಂಗಡಿಯ ಹಿಂದಿನ ಕೋಣೆಯ ಹುಡುಗನ ಹಾಗೆ. ಅಕ್ಕ ತೊಟ್ಟಿಲ ಹತ್ತಿರ ಬಂದಳು. ಕೂಸಿನ ಕೆನ್ನೆ ಮುಟ್ಟಿದಳು. ಆಮೇಲೆ ನೀಲಕ್ಕನ ತೋಳು ಹಿಡಿದು ಮೆಲ್ಲಗೆ ಮುಂದೆ ತಂದು ನಿಲ್ಲಿಸಿದಳು. ಮುಖದಲ್ಲಿ ನಗುವಿತ್ತು. ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಅವ್ವನ ಕಡೆ ತಿರುಗಿಯೂ ನೋಡಲಿಲ್ಲ.

“ಮಕ್ಕಳಿದ್ದಾಕಿ ಹೇಳಬೇಕು,” ಅಂದಳು. “ಕೂಸಿಗೆ ಒಳ್ಳೇದು.”

ಅವ್ವ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಸವಿತಾಳ ಕೈಗೆ ಕೊಟ್ಟಳು. ಆಮೇಲೆ ಗೋಡೆಗೆ ಒರಗಿ ಅಲ್ಲೇ ಕುಂತುಬಿಟ್ಟಳು. ನೀಲಕ್ಕ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಬಂದ ಹೆಂಗಸರು ಅಕ್ಕನ ದೊಡ್ಡ ಮನಸ್ಸನ್ನು ಹೊಗಳಿದರು. ನೀಲಕ್ಕ ಹೆಸರು ಹೇಳಿದಳು, ಗುದ್ದಿಸಿಕೊಂಡಳು, ಅಕ್ಕ ಎಲ್ಲರಿಗೂ ಗುಗ್ಗರಿ ಹಂಚಿದಳು.

ಅವ್ವ ತೀರಿಕೊಂಡು ಬಹಳ ದಿನಗಳಾದವು. ತಾಯಿ ಮಗಳು ಆ ಮಾತನ್ನು ಕೊನೆಯವರೆಗೂ ಎತ್ತಲಿಲ್ಲ. ಮೊನ್ನೆ ನಾನು ಒಳಗಿದ್ದಾಗ ಸವಿತಾ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟುಬಿಟ್ಟಳು, ಕ್ರೋಶಾ ಹೊದಿಕೆಯನ್ನು ಮಾತ್ರ ತೊಳೆದು ಇಟ್ಟಳು. ಒಳ್ಳೆಯದೇ ಮಾಡಿದಳು. ಅಕ್ಕ ಈಗಲೂ ಭಾನುವಾರ ಫೋನು ಮಾಡುತ್ತಾಳೆ, ಮುಖ ಕಾಣುತ್ತದೆ, ದನಿ ಸ್ವಚ್ಛ ಕೇಳುತ್ತದೆ. ನನ್ನ ಹೆಣ್ಣುಮಕ್ಕಳಿಬ್ಬರೂ ಅವಳ ಹತ್ತಿರ ಎಷ್ಟೋ ಮಾತಾಡುತ್ತಾರೆ. ಆ ಹಿಂದಿನ ಕೋಣೆಯಲ್ಲಿ ಅವಳು ಆರಿಸಿಟ್ಟ ಹೆಸರು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.